ಎದುರು ಬದಿಯಲ್ಲಿ ಶಾರದ

ತುಮಕೂರಿನ ಪಕ್ಕದ ಸತ್ಯಮಂಗಲದ ಶೆಡ್ಡಿನಿಂದ ಇಪ್ಪತ್ತು ಆಟದ ಪೆಟ್ಟಿಗೆಗಳು, ಆಡಿ ನೋಡಿ ಬೇಕಾದರೆ ಇಟ್ಟುಕೊಳ್ಳಲಿ ಎಂದು, ಮನೆಮನೆಗೆ ಹೋಗಿ ಹದಿನೇಳು ದಿನವಾಗಿತ್ತು. ಹನ್ನೊಂದು ಆಗಲೇ ವಾಪಸು ಬಂದು ಗೋಡೆಯ ಪಕ್ಕದಲ್ಲಿ ಸಾಲಾಗಿ ಕೂತಿದ್ದವು. ಕೆಟ್ಟು ಬಂದವಲ್ಲ. ಅವನ್ನು ಮಾಡಿದ ಅನಂತರಾಮಯ್ಯ ಒಂದೊಂದನ್ನೂ ಬಿಚ್ಚಿ, ಬೆಸುಗೆಗಳನ್ನು ಭೂತಗನ್ನಡಿ ಹಿಡಿದು ನೋಡಿ, ಟಿವಿಗೆ ಸಿಕ್ಕಿಸಿ ಆಡಿದ್ದರು. ಪರದೆಯ ಈ ಬದಿಗೊಂದು ಬಿಳಿ ಗೆರೆ, ಆ ಬದಿಗೊಂದು ಬಿಳಿ ಗೆರೆ, ನಡುವೆ ಓಡಾಡುವ ಚುಕ್ಕೆಯೇ ಚೆಂಡು. ಈ ಬದಿಯ ಗೆರೆ ಆಡುವವರು ಕೈಯಲ್ಲಿಟ್ಟುಕೊಂಡು ತಿರುಗಿಸುವ ಹಿಡಿಗೆ ಸೇರಿದ್ದು. ಆ ಬದಿಯದನ್ನು ಪೆಟ್ಟಿಗೆಯೇ ಆಡಿಸುತ್ತಿತ್ತು. ಎಲ್ಲವೂ ಸರಿಯಾಗಿಯೇ ಇತ್ತು.

ಅದು ಎಂಬತ್ತಾರನೆಯ ಇಸವಿಯ ಬೇಸಿಗೆ. ಟಿವಿ ಬಂದ ಮನೆಗಳಲ್ಲೆಲ್ಲ ಹೊಸದೇನಾದರೂ ಬೇಕೆನ್ನುವ ಹುಮ್ಮಸ್ಸು. ಅಂಥ ಕಾಲದಲ್ಲೂ ಈ ಪೆಟ್ಟಿಗೆ ಯಾವ ಮನೆಯಲ್ಲೂ ಉಳಿಯುತ್ತಿಲ್ಲವೆಂದು ಶೆಡ್ಡಿನ ಯಜಮಾನ ಮಹಾಲಿಂಗಯ್ಯನಿಗೆ ತಲೆಬಿಸಿಯಾಗಿತ್ತು.

"ಬೆಂಗಳೂರಿನೋರ ಪೆಟ್ಟಿಗೆ ನೋಡುದ್ರಾ ಸ್ವಾಮಿ? ಮೂತಿ ಇಲಿಬೋನು ಇದ್ದಂಗೈತೆ. ಆದ್ರೂ ಗುಬ್ಬಿಲಿ ಸಾಲಾಗಿ ನಿಂತು ತಗಂಡು ಹೋಯ್ತಾವ್ರೆ."

"ನಮ್ಮದರಲ್ಲಿ ಚಿತ್ರ ಇನ್ನೂ ನಿಚ್ಚಳವಾಗಿದೆ, ಮಹಾಲಿಂಗಯ್ಯನೋರೆ."

"ಚಿತ್ರ ಕಟ್ಕಂಡು ಏನ್ ಮಾಡನ? ಅವರದ್ರಲ್ಲಿ ಎರಡು ಹಿಡಿ ಅವೆ. ಅತ್ತಿಗೆ ನಾದಿನಿ ಇಬ್ರೂ ಕೂತ್ಕಂಡು ಜುಟ್ಟು ಹಿಡ್ಕಂಡು ಆಡ್ತಾರೆ. ಬ್ಯಾಸರ ಆದ್ರೆ ಕ್ಯಾಸೆಟ್ ಬದಲಾಯಿಸಿದ್ರಾಯ್ತು, ಇನ್ನೊಂದು ಆಟ. ನಮ್ದು? ಒಬ್ರೇ ಕೂತ್ಕಂಡು ಗೋಡೆ ಜೊತೆ ಮಾತಾಡಿದಂಗೆ." ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಸೋಮವಾರದ ತಂಕ ನೋಡ್ತೀನಿ. ಮಿಕ್ಕಿದ ಒಂಬತ್ರಲ್ಲಿ ಒಂದಾದ್ರೂ ಯಾರಾದ್ರೂ ಇಟ್ಕಂಡ್ರೆ ಸರಿ, ಹಿಂಗೇ ಮಾಡನ. ಇಲ್ದಿದ್ರೆ ಚಿಪ್ಪೆಲ್ಲ ಅಳಿಸಿ, ಇನ್ನೊಂದು ಹಿಡಿ ಹಾಕ್ಬುಡಿ."

ಅನಂತರಾಮಯ್ಯ ತಲೆಯಾಡಿಸಿದರು. ಅಳಿಸುವುದೆಂದರೆ ಏನನ್ನು ಅಳಿಸುವುದೆಂದು ಮಹಾಲಿಂಗಯ್ಯನಿಗೆ ಗೊತ್ತಿರಲಿಲ್ಲ.

ಹಿಂದಿನ ಕಾರ್ತಿಕದಲ್ಲಿ ಅನಂತರಾಮಯ್ಯನ ಹೆಂಡತಿ ಶಾರದ ತೀರಿಕೊಂಡಿದ್ದಳು. ಅದಕ್ಕೆ ಮುಂಚಿನ ಎಂಟು ತಿಂಗಳು, ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಪ್ರತಿ ಸಂಜೆ ಎದುರು ಬದಿಯ ಗೆರೆಯನ್ನು ಆಡಿಸಿದವಳು ಅವಳೇ. ಎಡಗಡೆ ಕೆಳಗೆ ಬಂದ ಚೆಂಡಿಗೆ ಅವಳು ಎಷ್ಟು ತಡವಾಗಿ ಹೋಗುತ್ತಾಳೆ, ಜೋರಾಗಿ ಬಂದದ್ದಕ್ಕೆ ಹೇಗೆ ಮುಂದೆ ಹೋಗಿ ಹಿಂದೆ ಸರಿಯುತ್ತಾಳೆ ಎಂದು ಅವರು ಎರಡು ನೋಟ್‌ಬುಕ್ ತುಂಬ ಬರೆದುಕೊಂಡರು. ಅದನ್ನೇ ಅಂಕಿಗಳಾಗಿಸಿ, ಆಟವನ್ನೆಲ್ಲ ನೆನಪಿಟ್ಟುಕೊಳ್ಳುವ ಪೆಟ್ಟಿಗೆಯೊಳಗಿನ ಚಿಪ್ಪಿಗೆ ತುಂಬಿದರು. ಪೆಟ್ಟಿಗೆ ಎದುರಾಳಿಯಾಗಿ ಆಡುವಾಗ ಆಡುತ್ತಿದ್ದುದು ಶಾರದಳ ಕೈ. ಮನೆಮನೆಗಳಲ್ಲಿ ಪೆಟ್ಟಿಗೆ ಉಳಿದರೆ ಅವಳೂ ಉಳಿದಾಳು ಎಂಬುದೊಂದೇ ಅವರ ಆಸೆ.

ಶಾರದಳ ತಂದೆ ಕಾವ್ಯ ಓದುತ್ತಿದ್ದವರು. ಆ ಮನೆಯಲ್ಲಿ ಒಂದು ಪದ್ಯ ಮುಗಿದಾಗ ಕೂತವರಲ್ಲಿ ಯಾರಾದರೂ 'ಹೂಂ' ಅನ್ನಬೇಕು. ಅನ್ನದಿದ್ದರೆ ಅವರು ಮುಂದಿನ ಪದ್ಯ ಎತ್ತುತ್ತಿರಲಿಲ್ಲ. ಕೇಳುವವರಿಲ್ಲದ ಕಡೆ ಸರಸ್ವತಿಯನ್ನು ನಿಲ್ಲಿಸಬಾರದೆಂದು ಸುಮ್ಮನೆ ಕಾಯುತ್ತಿದ್ದರು. ಶಾರದಳಿಗೂ ಅದೇ ರೂಢಿ. ಒಂದು ಚೆಂಡು ತಪ್ಪಿದರೆ ನಿಲ್ಲುವಳು. ಗಂಡ 'ಹೂಂ' ಅಂದಮೇಲೆ ಮುಂದಿನ ಚೆಂಡು. ಅನಂತರಾಮಯ್ಯ ಅದನ್ನೂ ಬಿಡದೆ ಸೇರಿಸಿದ್ದರು. ಚೆಂಡು ತಪ್ಪಿದಾಗ ಆಟ ನಿಲ್ಲುತ್ತದೆ, ಹಿಡಿಯ ಮೇಲಿನ ಗುಂಡಿ ಒತ್ತಿದರೆ ಮುಂದುವರಿಯುತ್ತದೆ. ಇದು ಯಾರಿಗಾದರೂ ತಾನಾಗಿ ತೋಚುವ ಮಾತೆಂದುಕೊಂಡು ಪೆಟ್ಟಿಗೆಯ ಜೊತೆಗಿಟ್ಟ ಹಾಳೆಯಲ್ಲಿ ಬರೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿದರು. ಅಲ್ಲಿದ್ದವು ಎಂಟು. ಏಳು ಮನೆಯವರು ಮುಖ ಕೊಟ್ಟು ಮಾತಾಡದೆ ಪೆಟ್ಟಿಗೆಯನ್ನು ತಂದು ಜಗುಲಿಯ ಮೇಲಿಟ್ಟರು. ಎಂಟನೆಯದು ಸ್ಕೂಲ್ ಮೇಡಂ ಉಮಾಮಹೇಶ್ವರಿಯ ಮನೆ.

"ಕೆಟ್ಟಿದೆಯೇನಮ್ಮ?"

"ಕೆಟ್ಟಿದ್ರೆ ರಿಪೇರಿ ಮಾಡಿ ಅಂತಿದ್ದೆ ಸಾರ್. ಹೆದರಿಕೆ ಯಾಕಾಗ್ತಿತ್ತು? ಒಂದು ಚೆಂಡು ಹೋದ್ಮೇಲೆ ನಿಂತ್ಬಿಡುತ್ತೆ. ಆ ಕಡೆ ಗೆರೆ ಮಾತ್ರ ಒಂಚೂರು ನಡುಗ್ತಾ ಇರುತ್ತೆ. ನಾವೇನೋ ಹೇಳ್ತೀವಿ ಅಂತ ಯಾರೋ ಕಾಯ್ತಿದ್ದಂಗೆ."

"ಗುಂಡಿ ಒತ್ತಬೇಕಾಗಿತ್ತು."

"ಅದನ್ನ ನಮಗೆ ಯಾರು ಹೇಳಿದ್ರು?"

ಅನಂತರಾಮಯ್ಯ ಹಿಡಿಯನ್ನು ಕೈಗೆತ್ತಿಕೊಂಡು ಗುಂಡಿಯನ್ನು ನೋಡಿದರು. ತಪ್ಪು ತಮ್ಮದೇ. ಆದರೆ ನಡುಗುವುದೆಂದರೇನು? ಆಟ ನಿಂತಾಗ ಗೆರೆ ಕಲ್ಲಿನಂತೆ ನಿಲ್ಲಬೇಕು. ನಡುಗು ಎಂದು ಅವರು ಎಲ್ಲೂ ತುಂಬಿರಲಿಲ್ಲ.

ಉಮಾಮಹೇಶ್ವರಿಯ ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಕೊಟ್ಟು ಕಳಿಸೇ ಅದನ್ನ! ಮನೆಗೆ ಬಂದ ಹೆಣ್ಮಗಳನ್ನ ಕೂತ್ಕೋ ಅನ್ನದೆ ಹೊಸಿಲ ಮೇಲೆ ನಿಲ್ಲಿಸಿಕೊಂಡಂಗಾಗುತ್ತೆ. ನಾನು ಟಿವಿ ಮೇಲೆ ಪಂಚೆ ಹೊದಿಸಿದೀನಿ."

"ಹೆಣ್ಮಗಳು ಅಂತ ಹೇಗೆ ತಿಳೀತು ಇವರಿಗೆ?" ಎಂದು ಅನಂತರಾಮಯ್ಯ ಮೆಲ್ಲಗೆ ಕೇಳಿದರು.

ಉಮಾಮಹೇಶ್ವರಿ ಅವರನ್ನು ವಿಚಿತ್ರವಾಗಿ ನೋಡಿದಳು. "ತಿಳಿಯಲ್ವಾ ಸಾರ್?"

ಎಂಟನ್ನೂ ಗುಬ್ಬಿಯ ರೇಡಿಯೋ ಅಂಗಡಿಯಲ್ಲಿಟ್ಟು, ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹಿಡಿದರು. ಉಳಿದಿದ್ದು ಒಂದೇ ಒಂದು. ಕಿಟಕಿಯಿಂದ ಬರುವ ಬಿಸಿಗಾಳಿಗೆ ಮುಖ ಕೊಟ್ಟು ಕೂತು, ಶಾರದಳ ತಂದೆಯಿಂದ ಕೇಳಿದ್ದ ದೇವಿಯ ಸ್ತುತಿಯನ್ನು ಮನಸ್ಸಿನಲ್ಲೇ ಹೇಳಿಕೊಂಡರು. ಅರ್ಧಕ್ಕೆ ಬಂದಾಗ ಮುಂದಿನ ಸಾಲು ಮರೆತುಹೋಯಿತು.

ಕುಣಿಗಲ್ಲಿನ ಅಲಮೇಲಮ್ಮನ ಮನೆ ತುಂಬಿದ ಮನೆ. ಅಂಗಳದಲ್ಲಿ ಸೊಸೆಯಂದಿರು ಸಂಡಿಗೆ ಇಡುತ್ತಿದ್ದರು. ನಡುಮನೆಯಲ್ಲಿ ಟಿವಿಯ ಮುಂದೆ ಕಾಲು ಚಾಚಿ ಕೂತ ಅಲಮೇಲಮ್ಮ, ಎಪ್ಪತ್ತು ದಾಟಿದವರು, ಹಿಡಿಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಆಡುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ. ನಿಮ್ಮ ಪೆಟ್ಟಿಗೆ ಚೆನ್ನಾಗಿದೆ."

ಅನಂತರಾಮಯ್ಯನ ಎದೆ ಹಗುರಾಯಿತು. ಎದುರು ಬದಿಯ ಗೆರೆಗೆ ಚೆಂಡು ತಪ್ಪಿತು. ಆಟ ನಿಂತಿತು. ಗೆರೆ ನಿಜವಾಗಿಯೂ ನಡುಗುತ್ತಿತ್ತು, ಉಸಿರು ಕಟ್ಟಿ ನಿಂತವರ ಸೆರಗಿನ ಹಾಗೆ.

"ಹೂಂ," ಎಂದರು ಅಲಮೇಲಮ್ಮ.

ಚೆಂಡು ಹೊರಟಿತು.

"ಅಮ್ಮ, ಗುಂಡಿ ಒತ್ತಿದಿರಾ?"

"ಎಲ್ಲಿ ಒತ್ತೋದು? ನನ್ನ ಹೆಬ್ಬೆರಳು ಬಗ್ಗೋದೇ ಇಲ್ಲ. ವಾತ." ಅವರು ಗಂಟುಗಟ್ಟಿದ ಬೆರಳು ತೋರಿಸಿದರು. "ಅವಳು ನಿಲ್ತಾಳೆ. ಹೂಂ ಅಂತೀನಿ. ಆಡ್ತಾಳೆ."

ಪೆಟ್ಟಿಗೆಯಲ್ಲಿ ಶಬ್ದ ಕೇಳಿಸಿಕೊಳ್ಳುವ ಯಾವುದೂ ಇರಲಿಲ್ಲ. ಕಿವಿ ಇಲ್ಲದ ಪೆಟ್ಟಿಗೆ ಅದು. ಕೈಯಾರೆ ಮಾಡಿದವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮತ್ತೊಮ್ಮೆ ಚೆಂಡು ತಪ್ಪಿತು. ಮತ್ತೊಮ್ಮೆ ಹೂಂ. ಮತ್ತೊಮ್ಮೆ ಹೊರಟಿತು. ಅನಂತರಾಮಯ್ಯ ಟಿವಿಯ ಹತ್ತಿರಕ್ಕೆ ಸರಿದು ಕೂತರು.

"ಯಾರು ಈಯಮ್ಮ?" ಎಂದು ಅಲಮೇಲಮ್ಮ ಕೇಳಿದರು.

"ನನ್ನ ಹೆಂಡತಿ. ಈಗಿಲ್ಲ."

ಅಲಮೇಲಮ್ಮ ಬೆಚ್ಚಲಿಲ್ಲ. "ಇಂಥ ಪೆಟ್ಟಿಗೆ ಎಷ್ಟು ಮಾಡಿದೀರಿ?"

"ಇಪ್ಪತ್ತು."

"ಹಾಗಾದ್ರೆ ಇಪ್ಪತ್ತು ಮನೇಲಿ ನಿಂತಿದಾಳೆ. ಹೂಂ ಅನ್ನೋರು ಎಷ್ಟು ಮನೇಲಿದಾರೋ." ಅವರು ಪರದೆಯ ಕಡೆ ಕೈ ಮಾಡಿದರು. "ಬಂದ ಹೊಸದರಲ್ಲಿ ಚುರುಕಾಗಿ ಓಡಾಡ್ತಿದ್ಲು. ಈಗ ನೋಡಿ."

ಅನಂತರಾಮಯ್ಯ ನೋಡಿದರು. ಗೆರೆ ಎಡಗಡೆಗೆ ಮಾತ್ರವಲ್ಲ, ಎಲ್ಲ ಕಡೆಗೂ ತಡವಾಗಿ ಹೋಗುತ್ತಿತ್ತು. ಅರ್ಧದಾರಿ ಏರಿ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಹಾಗೆ ಶಾರದ ಆಡಿದ್ದು ಕೊನೆಯ ವಾರದಲ್ಲಿ, ಕೈ ಎತ್ತಲೂ ಆಗದಿದ್ದಾಗ. ಆ ವಾರ ಅವರು ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ. ಅದು ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ, ಯಾವ ಚಿಪ್ಪಿನಲ್ಲೂ ಇರಲಿಲ್ಲ.

"ನನಗೇನೂ ಭಯವಿಲ್ಲ," ಎಂದರು ಅಲಮೇಲಮ್ಮ. "ಇಟ್ಕೋ ಅಂದ್ರೆ ಇಟ್ಕೋತೀನಿ. ಹೂಂ ಅಂತಾನೇ ಇರ್ತೀನಿ, ನಾನಿರೋ ತನಕ. ನೀವೇ ಹೇಳಿ, ಇಟ್ಕೊಳ್ಳಲಾ?"

ಒಂದು ಮಾತು ಸಾಕಾಗಿತ್ತು. ಮಹಾಲಿಂಗಯ್ಯ ಕೇಳಿದ್ದೂ ಒಂದೇ ಪೆಟ್ಟಿಗೆಯನ್ನು. ಪರದೆಯ ಮೇಲೆ ಚೆಂಡು ತಪ್ಪಿ, ಗೆರೆ ನಡುಗುತ್ತ ಕಾಯುತ್ತಿತ್ತು. ಅಂಗಳದಲ್ಲಿ ಸೊಸೆಯಂದಿರ ನಗು ಕೇಳಿಸಿತು.

"ಬೇಡಮ್ಮ," ಎಂದರು ಅನಂತರಾಮಯ್ಯ. "ಸಾಕು ಅವಳಿಗೆ." ಎದ್ದು ತಾವೇ ಸ್ವಿಚ್ಚು ಆರಿಸಿದರು.

ಸೋಮವಾರ ಗುಬ್ಬಿಯಲ್ಲಿಟ್ಟಿದ್ದ ಎಂಟನ್ನೂ ತರಿಸಿಕೊಂಡು, ಶೆಡ್ಡಿನಲ್ಲಿ ಇಪ್ಪತ್ತು ಚಿಪ್ಪುಗಳನ್ನು ಬಿಡಿಸಿ, ತಟ್ಟೆಯಲ್ಲಿ ಜೋಡಿಸಿದರು. ಒಂದೊಂದರ ಬೆನ್ನಿಗೂ ಉಗುರಿನಷ್ಟು ಗಾಜಿನ ಕಿಂಡಿ. ಆ ಕಿಂಡಿಯಿಂದ ನೇರಳೆ ದೀಪದ ಬೆಳಕು ಬಿದ್ದರೆ ಒಳಗಿರುವುದೆಲ್ಲ ಅಳಿಯುತ್ತದೆ. ದೀಪದ ಪೆಟ್ಟಿಗೆಯ ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಕೈಮುಗಿದು ನಿಂತರು. ಹೊರಗೆ ತೆಗೆದಾಗ ಚಿಪ್ಪುಗಳು ಬೆಚ್ಚಗಿದ್ದವು. ಆರುವವರೆಗೂ ಅವರು ಅವುಗಳ ಮೇಲಿನ ಕೈ ತೆಗೆಯಲಿಲ್ಲ.

ಎರಡು ಹಿಡಿಯ ಪೆಟ್ಟಿಗೆ ಆಷಾಢಕ್ಕೆ ಮುಂಚೆ ಗುಬ್ಬಿಗೆ ಹೋಯಿತು, ಆಮೇಲೆ ಕೋರಕ್ಕೆ, ಊರ್ಡಿಗೆರೆಗೆ. ಚೆನ್ನಾಗಿಯೇ ಹೋಯಿತು. ಪೆಟ್ಟಿಗೆಯೊಳಗಿನ ಜಾಣತನ ಯಾರಿಗೂ ಬೇಕಿರಲಿಲ್ಲ. ಪಕ್ಕದಲ್ಲಿ ಕೂತವರನ್ನು ಸೋಲಿಸಿ ಕೇಕೆ ಹಾಕುವುದು ಬೇಕಿತ್ತು, ಅಷ್ಟೆ. ಮಹಾಲಿಂಗಯ್ಯ ಮೊದಲೇ ಹೇಳಿದ್ದೆ ಅಂದುಕೊಂಡು ಸಿಹಿ ಹಂಚಿದರು.

ಗುಬ್ಬಿಯ ರೇಡಿಯೋ ಅಂಗಡಿಯಲ್ಲಿ ಉಮಾಮಹೇಶ್ವರಿಯೂ ಒಂದು ತೆಗೆದುಕೊಂಡಳು. ಅನಂತರಾಮಯ್ಯ ಗ್ಯಾರಂಟಿ ಚೀಟಿಗೆ ಸಹಿ ಹಾಕುತ್ತಿದ್ದಾಗ ಅವಳು ಬಗ್ಗಿ, ಅಂಗಡಿಯವರಿಗೆ ಕೇಳದ ಹಾಗೆ ಕೇಳಿದಳು.

"ಇದರೊಳಗೆ ಯಾರೂ ಇಲ್ಲ ಅಲ್ವಾ ಸಾರ್?"

"ಇಲ್ಲಮ್ಮ," ಎಂದರು ಅವರು. "ಧೈರ್ಯವಾಗಿ ತಗೊಂಡ್ಹೋಗಿ. ಯಾರೂ ಇಲ್ಲ."