ಕಾಲುಬಾಯಿ ಅಂದವನು

ದನದ ಡಾಕ್ಟರು ಹಾಲಿನವನ ಹಸುವಿನ ತುಟಿ ಎತ್ತಿ ನೋಡಿ, ಕೈ ತೊಳೆದುಕೊಂಡು, ದೊಡ್ಡರೋಗ, ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಖಾಲಿ ಮಾಡುವಂಥದ್ದು ಎಂದರು. ತೊಟ್ಟಿಯ ನೀರು ಬೇರೆ ದನಕ್ಕೆ ಬೇಡ, ಅಕ್ಕಪಕ್ಕದವರಿಗೆ ಇವತ್ತೇ ಹೇಳು, ಅವರು ಹೇಳಿ ಕಳಿಸಿದರೆ ಬಂದು ಚುಚ್ಚುಮದ್ದು ಹಾಕುತ್ತೇನೆ ಎಂದು ಹೋದರು.

ಹಾಲಿನವನು ತಲೆಯಾಡಿಸಿದ. ತಲೆಯಾಡಿಸುವುದಕ್ಕೇನು ಖರ್ಚು? ಹೋದ ವರ್ಷ ಚುಚ್ಚುಮದ್ದಿನವರು ಬಾಗಿಲಿಗೇ ಬಂದಾಗ, ಸೂಜಿ ಬಿದ್ದರೆ ಹಾಲು ಬತ್ತುತ್ತೆ, ಬೇಕಿದ್ದರೆ ನಿಮ್ಮತ್ತೆಗೆ ಚುಚ್ಚಿ ಎಂದು ಇಡೀ ಬೀದಿಯನ್ನು ನಗಿಸಿದವನು ಇವನೇ. ಅಕ್ಕನ ದನಗಳಿಗೂ ಬೇಡವೆಂದು ಅಡ್ಡ ನಿಂತಿದ್ದ. ಈಗ ಆ ರೋಗದ ಹೆಸರು ಬಾಯಿಂದ ಬಿದ್ದರೆ ಅದೇ ಬೀದಿ ಇವನನ್ನು ನೋಡಿ ನಗುತ್ತದೆ. ಹಾಲಿಗೆ ಯಾರೂ ಪಾತ್ರೆ ಹಿಡಿಯುವುದಿಲ್ಲ.

ಗೋಡೆಯಾಚೆಯ ಕೊಟ್ಟಿಗೆ ಅಕ್ಕನದು. ತೊಟ್ಟಿ ಮಾತ್ರ ಇಬ್ಬರಿಗೂ ಒಂದೇ. ಅವಳು ಬಂದು ಹಸುವನ್ನು ನೋಡಿದಳು. ಕಣ್ಣ ತುಂಬ ಪಿಸುರು, ಬಾಯಲ್ಲಿ ಜೊಲ್ಲು, ಬಾಲಕ್ಕೆಲ್ಲ ಭೇದಿ ಮೆತ್ತಿತ್ತು.

"ಏನಂದ್ರೋ ಡಾಕ್ಟ್ರು?"

"ಕಾಲುಬಾಯಿ ಅಷ್ಟೇ ಕಣಕ್ಕ."

"ಕಾಲುಬಾಯಿ ಆದ್ರೆ ಕುಂಟಬೇಕಲ್ಲ. ಗೊರಸು ಚೆನ್ನಾಗೇ ಇದೆ."

"ಬಾಯಿಗೆ ಬಂದಿದೆ. ಕಾಲಿಗಿನ್ನೂ ಇಳಿದಿಲ್ಲ."

ಅಕ್ಕ ನಕ್ಕಳು. ತಮ್ಮ ಹೇಳಿದ ಮೇಲೆ ಮುಗಿಯಿತು ಅವಳಿಗೆ. ತನ್ನ ದನಗಳನ್ನು ತೊಟ್ಟಿಗೆ ಬಿಟ್ಟಳು. ಅವು ಮೂತಿ ಅದ್ದಿ ಸೊರಸೊರ ಕುಡಿದವು. ಇವನು ಕಂಬದ ಹಾಗೆ ನಿಂತಿದ್ದ. ಬಾಯಿ ಇತ್ತು, ನಾಲಿಗೆಯೂ ಇತ್ತು. ಇದ್ದು ಏನು ಬಂತು, ಮಣ್ಣು?

ಅವನ ಹಸು ಸತ್ತಿತು. ಅದರ ಹಿಂದೆಯೇ ಅಕ್ಕನ ಗಬ್ಬದ ಹಸು ಮೇವು ಬಿಟ್ಟಿತು. ಈ ಸಲ ಡಾಕ್ಟರನ್ನು ಅವಳೇ ಕರೆಸಿದಳು. ನಿನ್ನ ತಮ್ಮನಿಗೆ ಅವತ್ತೇ ಹೇಳಿದ್ದೆನಲ್ಲಮ್ಮ, ಈಗ ಚುಚ್ಚಿ ಫಲವಿಲ್ಲ ಎಂದರು ಅವರು.

ಅವನು ಬೈಗುಳಕ್ಕೆ ಕಾದ. ಪೊರಕೆ ತಗೊಂಡು ಬಾರಿಸಿದರೂ ಆಗುತ್ತಿತ್ತು, ಮಾಡಿದ್ದು ಸ್ವಲ್ಪವಾದರೂ ತೀರುತ್ತಿತ್ತು. ಅಕ್ಕ ಮಲಗಿದ ಹಸುವಿನ ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದಳು. ಒಳಗೆ ಕರು ಇನ್ನೂ ಒದೆಯುತ್ತಿತ್ತು.

"ಅಕ್ಕಾ..."

"ನಂಗೆ ಗೊತ್ತಾಯ್ತಲ್ಲ, ನಂಗೇನೂ ಹೇಳ್ಬೇಡ," ಎಂದಳು, ತಿರುಗಿ ನೋಡದೆ. "ಹಿಂದಿನ ಬೀದಿ ದನಗಳು ಇನ್ನೂ ಚೆನ್ನಾಗಿವೆ. ಅವರಿಗೆ ಹೋಗಿ ಹೇಳು."

ಹೋದ. ಮೊದಲನೆಯ ಮನೆ ಗಾಡಿಯವನದು. ಎತ್ತಿನ ಮೈ ತಿಕ್ಕುತ್ತಿದ್ದವನು ಬಾ ಕೂತ್ಕೋ ಎಂದ. ಇವನು ಬೀದಿಯಲ್ಲೇ ನಿಂತ.

"ದೊಡ್ಡರೋಗ ಬಂದಿದೆ. ಡಾಕ್ಟ್ರಿಗೆ ಹೇಳಿ ಕಳ್ಸು, ಚುಚ್ಚುಮದ್ದು ಹಾಕ್ತಾರೆ."

"ಯಾರ ಮನೇಲಿ?"

"ನಮ್ಮನೇಲಿ. ನಂಗೆ ಆವಾಗ್ಲೇ ಗೊತ್ತಿತ್ತು."

ಗಾಡಿಯವನು ಎತ್ತನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ. ಹಾಲಿನವನು ಪಕ್ಕದ ಮನೆಯ ಮುಂದೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡ.