ನನ್ನೊಳಗಿದ್ದ ಫಕ್ಕೀರಪ್ಪ

ನಾನು ತಗಡಿನ ಯಂತ್ರಮಾನವ. ನೀರು ಕಾಯಿಸುವ ಹಳೆಯ ಬಾಯ್ಲರಿನ ಹೊಟ್ಟೆ, ಹಿಟ್ಟಿನ ಡಬ್ಬದ ತಲೆ, ಕೊಳವೆಯ ಕೈಕಾಲು. ಕಲಾಸಿಪಾಳ್ಯದ ತಗಡಿನಂಗಡಿಯೊಂದರಲ್ಲಿ ನನ್ನನ್ನು ಬೆಸೆದರು. ಮಾಡಿಸಿದವರು ವತ್ಸಲಾ ಹೆಬಸೂರ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು ಅದನ್ನು ಬಿಟ್ಟು ಬೆಂಗಳೂರಿಗೆ ಬಂದು, ದೂರದ ಗ್ರಹವೊಂದರಲ್ಲಿ ಊರು ಕಟ್ಟುವ ಕನ್ನಡಿಗರ ಕಥೆಯನ್ನು ತಾವೇ ಬರೆದು, ತಾವೇ ಧಾರಾವಾಹಿಯಾಗಿ ನಿರ್ಮಿಸುತ್ತಿದ್ದರು. ಟೀವಿಯಲ್ಲಿ ಬರೀ ಸೊಸೆಯರು ಅಳುತ್ತಿದ್ದ ಕಾಲ ಅದು. ಇಂಥ ಕಥೆ ಯಾರು ನೋಡುತ್ತಾರೆಂದು ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನೋಡಿದರು.

ನನಗೆ ಜೀವ ಕೊಟ್ಟವನು ಫಕ್ಕೀರಪ್ಪ. ನಾಟಕ ಕಂಪನಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ಅಲೆಯುತ್ತಿದ್ದ ಗಿಡ್ಡ ನಟ. ನನ್ನೊಳಗೆ ನಿಂತು ಅವನು ಹೆಜ್ಜೆ ಇಟ್ಟರೆ ನಾನೇ ನಡೆದೆನೆಂದು ಮಕ್ಕಳು ನಂಬುತ್ತಿದ್ದರು. ಸ್ಟುಡಿಯೋ ದೀಪಗಳ ಕೆಳಗೆ ನಾನು ಬಾಣಲೆಯಂತೆ ಕಾಯುತ್ತಿದ್ದೆ. ಅದಕ್ಕೇ ವತ್ಸಲಾ ನನ್ನ ಬೆನ್ನಿಗೆ ಗಾಳಿಯಾಡಲು ತೂತು ಕೊರೆಸಿದ್ದರು. ಶಾಟ್ ಮುಗಿದೊಡನೆ ತಾವೇ ಬಂದು ನನ್ನ ತಲೆ ಕಳಚಿ ಅವನಿಗೆ ನೀರು ಕುಡಿಸುತ್ತಿದ್ದರು.

ಧಾರಾವಾಹಿ ಹೆಸರು ಮಾಡಿತು. ಆಗ ವಾಹಿನಿಯ ಮುಖ್ಯಸ್ಥ ಜಯಸಿಂಹನಿಗೆ ಬುದ್ಧಿ ಹೇಳುವ ಹುಮ್ಮಸ್ಸು ಬಂತು. ಯಂತ್ರಮಾನವ ಕುಣಿಯಬೇಕು, ನಾಯಕಿಯ ಸೀರೆ ಸೆರಗಿನ ಹಿಂದೆ ಸುತ್ತಬೇಕು, ಜನ ನಗಬೇಕು. ವತ್ಸಲಾ ಒಪ್ಪಲಿಲ್ಲ.

"ಅದರೊಳಗ ಮನಷ್ಯಾ ಇದ್ದಾನ್ರಿ. ಕುಣದ್ರ ಉಸಿರು ಕಟ್ತದ," ಎಂದರು.

ಮರುವಾರ ಗೇಟಿನವನು ಅವರನ್ನು ಒಳಗೆ ಬಿಡಲಿಲ್ಲ. ಕಥೆ ಬೇರೆಯವರ ಕೈ ಸೇರಿತು. ಟೈಟಲ್ಲಿನಲ್ಲಿ ಅವರ ಹೆಸರಿದ್ದ ಜಾಗದಲ್ಲಿ ಜಯಸಿಂಹನ ಹೆಸರು ಬಂತು.

ತೂತುಗಳು ಕ್ಯಾಮೆರಾಗೆ ಕಾಣುತ್ತವೆಂದು ನನ್ನ ಬೆನ್ನಿಗೆ ತಗಡು ಹೊಡೆದರು. ಹಾಡು ಹಾಕಿದರು. ಫಕ್ಕೀರಪ್ಪ ಕುಣಿದ. ಮತ್ತೆ ಕುಣಿ ಎಂದರು. ಒಳಗಿನಿಂದ ಅವನು ನನ್ನ ಎದೆ ಬಡಿದ. ಅದನ್ನು ತಾಳವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವನೊಂದಿಗೆ ನಾನೂ ಬಿದ್ದೆ. ತಲೆ ಬಿಚ್ಚುವ ಹೊತ್ತಿಗೆ ಉಸಿರಿರಲಿಲ್ಲ. ಅವನ ಹೃದಯವೇ ದುರ್ಬಲವಾಗಿತ್ತೆಂದು ಹೇಳಿ, ಆ ಕುಣಿತವನ್ನು ಪ್ರಸಾರ ಮಾಡಿದರು. ಜನ ನಕ್ಕರಂತೆ. ನನಗೆ ಬಾಯಿದ್ದಿದ್ದರೆ ಅಂದೇ ಕಿರುಚುತ್ತಿದ್ದೆ.

ಸುದ್ದಿ ತಿಳಿದ ವತ್ಸಲಾ ಪೊಲೀಸು, ಪತ್ರಿಕೆ ಎಂದು ಅಲೆದರು. ಯಾರೂ ಕಿವಿಗೊಡಲಿಲ್ಲ. ಯಾವ ವಾಹಿನಿಯೂ ಮತ್ತೆ ಕೆಲಸ ಕೊಡಲಿಲ್ಲ. ನಾನು ಗೋದಾಮಿನಲ್ಲಿ ಪೌರಾಣಿಕ ಧಾರಾವಾಹಿಗಳ ಗದೆ, ಕಿರೀಟಗಳ ನಡುವೆ ತುಕ್ಕು ಹಿಡಿದೆ.

ವರ್ಷಗಳ ಮೇಲೆ, ವಾಹಿನಿಯ ಬೆಳ್ಳಿಹಬ್ಬಕ್ಕೆ ನನ್ನನ್ನು ಉಜ್ಜಿ ತೊಳೆದು ವೇದಿಕೆಯಲ್ಲಿ ನಿಲ್ಲಿಸಿದರು. ನನ್ನನ್ನು ಸೃಷ್ಟಿಸಿದವನೆಂದು ಜಯಸಿಂಹನಿಗೆ ಶಾಲು. ಹಿಂದಿನದು ತಿಳಿಯದ ಹೊಸ ಸಿಬ್ಬಂದಿ ಹಳೆಯ ಕಡತದಲ್ಲಿ ಹೆಸರು ಕಂಡು ವತ್ಸಲಾ ಅವರನ್ನೂ ಕರೆದಿದ್ದರು. ಅವರ ತಲೆ ಪೂರ್ತಿ ನರೆತಿತ್ತು. ವೇದಿಕೆ ಹತ್ತಿದವರು ಹಾರ ಬೇಡವೆಂದು ಮೈಕ್ ಹಿಡಿದರು.

"ಜಯಸಿಂಹ ಅವ್ರ, ಇದರೊಳಗ ಸತ್ತಾವನ ಹೆಸರು ಹೇಳ್ರಿ."

ಜಯಸಿಂಹ ನಕ್ಕ. ಆಚೀಚೆ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಯಾರೋ ಮೈಕ್ ಬಂದ್ ಮಾಡಿದರು. ವತ್ಸಲಾ ಬರಿಗಂಟಲಿನಲ್ಲೇ ಫಕ್ಕೀರಪ್ಪನ ಹೆಸರು ಕೂಗಿ, ನಡೆದದ್ದನ್ನೆಲ್ಲ ಹೇಳಿದರು. ಅಂದು ಸ್ಟುಡಿಯೋದಲ್ಲಿ ದೀಪ ಹಿಡಿದಿದ್ದ ಹಳೆಯ ಕೆಲಸಗಾರನೊಬ್ಬ ಸಭೆಯ ನಡುವೆ ಎದ್ದು ನಿಂತ. "ಹೌದು, ನನ್ ಕಣ್ಮುಂದೇನೇ ನಡೀತು," ಎಂದ. ಶಾಲು ತಟ್ಟೆಯಲ್ಲೇ ಉಳಿಯಿತು.

ಆ ಭಾಗ ಟೀವಿಯಲ್ಲಿ ಬರಲಿಲ್ಲ. ಆದರೆ ವತ್ಸಲಾ ಅಂದೇ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋದರು. ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಈಗ ಅವರ ಮನೆಯ ವರಾಂಡದ ಮೂಲೆ ನನ್ನದು. ಬಂದವರು ಧಾರಾವಾಹಿಯ ಬಗ್ಗೆ ಕೇಳಿದರೆ ಅವರು ಮೊದಲು ಫಕ್ಕೀರಪ್ಪನ ಕಥೆ ಹೇಳುತ್ತಾರೆ. ಹೇಳುವಾಗ ಸಿಟ್ಟಿನಿಂದ ಧ್ವನಿ ಈಗಲೂ ನಡುಗುತ್ತದೆ.

ನಡುಗಲಿ.