ಅಮ್ಮಣ್ಣಿಯ ಪೆಟ್ಟಿಗೆ

ಗಂಡನ ಜನಿವಾರದಿಂದ ಬೀಗದಕೈ ಬಿಡಿಸಿ ರಮಾಬಾಯಿ ಸೆರಗಿಗೆ ಗಂಟು ಹಾಕಿಕೊಂಡರು. ವಿಷ್ಣುತೀರ್ಥರಿಗೆ ಕೊನೆಯ ಸ್ನಾನವಾಗಬೇಕಿತ್ತು. ಮೈಲಾಪೂರಿನ ಆ ಬೀದಿಯಲ್ಲಿ ಮನೆಯೆದುರಿಗೇ ಇದ್ದ, ಅವರು ನೋಡಿಕೊಳ್ಳುತ್ತಿದ್ದ ಕನ್ನಡ ಸಂಘದ ಪುಸ್ತಕಭಂಡಾರದ ಬೀಗದಕೈ ಅದು.

"ಇವತ್ತು ಭಂಡಾರ ಮುಚ್ಚಿರ್ಲಿ ತಾಯಿ, ಅವರ ಗೌರವಕ್ಕೆ," ಎಂದರು ಸಂಘದ ಅಧ್ಯಕ್ಷ ಗಂಗಾಧರಪ್ಪ. ಕಣ್ಣು ನಿಜಕ್ಕೂ ಕೆಂಪಾಗಿತ್ತು. ಆದರೆ ನಾಳೆ ಭೋಗಿ. ಬೆಳಗಾಗುತ್ತಲೇ ಬೀದಿಯವರೆಲ್ಲ ಹಳೇ ಸಾಮಾನು ಸುಡುವಾಗ, ಯಾರೂ ಕೇಳದ ಅಮ್ಮಣ್ಣಿಯ ಪೆಟ್ಟಿಗೆಯನ್ನೂ ಬೆಂಕಿಗೆ ಹಾಕಬೇಕೆಂದು ತೀರ್ಮಾನಿಸಿದವರು ಇದೇ ಮಹಾನುಭಾವರು.

*

ಹೊಸೂರಿನ ಕಡೆಯಿಂದ ಬಂದಿದ್ದ ಸೂಲಗಿತ್ತಿ ಅಮ್ಮಣ್ಣಿ ಭಂಡಾರಕ್ಕೆ ಬಿಟ್ಟುಹೋದ ಪೆಟ್ಟಿಗೆ ಅದು. ತುಂಬ ಬಿಡಿ ಹಾಳೆಗಳು.

"ಒಂದಕ್ಕೂ ಹೆಸರಿಲ್ಲ. ಹೇಗ್ರೀ ದಾಖಲು ಮಾಡ್ತೀರಿ?" ಎಂದು ಗಂಗಾಧರಪ್ಪ ನಕ್ಕಿದ್ದರು.

"ಬಿಡಿಬಿಡಿಯಾಗಿ ಯಾಕೆ? ಹೆಣ್ಣು ನೋಡೋಕೆ ಬಂದೋರು ಮೊದಲು ಯಾರ ಮನೆಯವರು ಅಂತ ತಾನೆ ಕೇಳೋದು?" ಎಂದಿದ್ದರು ವಿಷ್ಣುತೀರ್ಥರು.

ಅವರು ಇಡೀ ಪೆಟ್ಟಿಗೆಗೆ ಒಂದೇ ಚೀಟಿ ಬರೆದರು: ಯಾರದು, ಎಲ್ಲಿಂದ ಬಂತು, ಒಳಗೆ ಬಾಣಂತಿ ಮದ್ದು, ಜೋಗುಳ. ನಕಲುಗಳನ್ನು ಊರೂರಿನ ಗ್ರಂಥಾಲಯಗಳಿಗೆ ಅಂಚೆಗೆ ಹಾಕಿದರು. "ಬರ್ತಾರೆ ನೋಡು," ಎಂದು ದಿನಾ ಬಾಗಿಲು ಕಾದರು. ಯಾರೂ ಬರಲಿಲ್ಲ. ರಮಾಬಾಯಿಗೆ ಸಿಟ್ಟು ಉಕ್ಕುತ್ತಿತ್ತು, ಗಂಡನ ಮೇಲಲ್ಲ, ಬಾರದವರ ಮೇಲೆ.

*

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ಕೈರಿಕ್ಷಾದಿಂದ ಒಬ್ಬ ಹೆಂಗಸು ಇಳಿದಳು.

"ವಿಷ್ಣುತೀರ್ಥರು ಅದಾರೇನ್ರೀ? ನಾನು ಜಗದೇವಿ, ಧಾರವಾಡದಾಕಿ. ಜೋಗುಳ ಕೂಡಿಸ್ತೀನ್ರಿ. ಅಲ್ಲಿ ಗ್ರಂಥಾಲಯದಾಗ ಈ ಚೀಟಿ ನೋಡಿ..." ಚಟ್ಟ ಕಣ್ಣಿಗೆ ಬಿದ್ದು ಮಾತು ನಿಂತಿತು. "ತಪ್ಪಾತ್ರಿ ಯವ್ವಾ. ಇನ್ನೊಮ್ಮೆ ಬರ್ತೀನಿ."

"ಇನ್ನೊಮ್ಮೆ ಬಂದ್ರೆ ಬೂದಿ ಸಿಗತ್ತೆ ಕಣಮ್ಮಾ!" ರಮಾಬಾಯಿ ಸೆರಗಿನ ಗಂಟು ಬಿಚ್ಚಿದರು. ಅಳುವಿನ ನಡುವೆಯೇ ಎದೆ ಹಿಗ್ಗಿಹೋಗಿತ್ತು. "ಗಂಗಾಧರಪ್ಪನೋರೆ, ಹೋಗಿ ಬಾಗಿಲು ತೆಗೀರಿ. ನಮ್ಮನೆಯವರಿಗೆ ಬೀಗ ಹಾಕೋ ಗೌರವ ವೇಂಡಾ, ಬೇಡವೇ ಬೇಡ!"

ಗಂಗಾಧರಪ್ಪ ಬೀಗದಕೈ ತೆಗೆದುಕೊಂಡು, ಪಂಚೆ ಎತ್ತಿಕಟ್ಟಿ ಬೀದಿ ದಾಟಿದರು.

ಚಟ್ಟ ಹೊರಟಿತು. ಹೆಂಗಸರು ಹೊಸ್ತಿಲಲ್ಲೇ ನಿಂತರು. ಎದುರಿಗೆ ಭಂಡಾರದ ಬಾಗಿಲು ಹಾರುಹೊಡೆದಿತ್ತು. ಒಳಗೆ ಜಗದೇವಿ ಪೆಟ್ಟಿಗೆಯ ಮುಂದೆ ನೆಲಕ್ಕೆ ಕೂತು, ಹಾಳೆಯೊಂದನ್ನು ಹಿಡಿದು, ಲೋಕ ಮರೆತು ಹಾಡುತ್ತಿದ್ದಳು.

"ಸಾವಿನ ಮನೆ ಎದುರಿಗೆ ಹಾಡೇನ್ರೀ?" ಯಾರೋ ಗದರಿದರು.

ಬಾಗಿಲಲ್ಲಿ ನಿಂತಿದ್ದ ಗಂಗಾಧರಪ್ಪ ತುಟಿಯ ಮೇಲೆ ಬೆರಳಿಟ್ಟರು. "ಷ್! ಓದ್ತಾ ಇದಾರೆ."

ಹೊತ್ತವರ ಹೆಜ್ಜೆ ತಾನಾಗಿ ಮೆತ್ತಗಾಯಿತು. ಜೋಗುಳ ಕೇಳುತ್ತ ವಿಷ್ಣುತೀರ್ಥರು ತಾವು ದಿನಾ ಕಾದಿದ್ದ ಆ ಬಾಗಿಲನ್ನು ದಾಟಿ ಹೋದರು.